ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ?

ಕಾಲೇಜಿನ ಮೇನ್ ಗೇಟಿನ ಎದುರಿಗಿರೋ ಝೆರಾಕ್ಸ್ ಅಂಗಡಿ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಬೋರ್ಡಿನ ಮೇಲೆ ಏನೇ ಹೆಸರಿರಲಿ, ನಮ್ಮ ಪಾಲಿಗೆ ಅದು 'ಅಣ್ಣನ ಅಂಗಡಿ'. ಸೀನಿಯರ್‌ಗಳ ನೋಟ್ಸ್ ಸಿಗೋದು ಅಲ್ಲೇ, ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ ಸಿಗೋದು ಅಲ್ಲೇ, ಪ್ರಾಜೆಕ್ಟ್ ರಿಪೋರ್ಟಿಗೆ ಚಿನ್ನದ ಅಕ್ಷರದ ಬೈಂಡಿಂಗ್ ಆಗೋದೂ ಅಲ್ಲೇ. ಹೋದ ಸೆಮಿಸ್ಟರಿನ ಕೊನೆಗೆ, ಸರಿಯಾಗಿ ರೆಕಾರ್ಡ್ ಸಬ್ಮಿಷನ್ ವಾರದಲ್ಲೇ, ಆ ಅಂಗಡಿ ಮೂರು ದಿನ ಕೆಲಸ ಮಾಡಲಿಲ್ಲ.

ಮೊದಲ ದಿನ ನಮಗೆಲ್ಲಾ ಬಂದಿದ್ದು ಸಿಟ್ಟು. "ಈ ಟೈಮಲ್ಲಾ ರಜಾ ಹಾಕೋದು?" ಅಂತ ಶಟರ್ ಮುಂದೆ ನಿಂತು ಬೈದುಕೊಂಡವರಲ್ಲಿ ನಾವೂ ಇದ್ದೆವು. ನಾಲ್ಕು ಕಿಲೋಮೀಟರ್ ದೂರದ ಬಸ್ ಸ್ಟ್ಯಾಂಡಿಗೆ ಹೋಗಿ ದುಪ್ಪಟ್ಟು ದುಡ್ಡು ಕೊಟ್ಟು ಪ್ರಿಂಟ್ ತೆಗೆಸಿಕೊಂಡು ಬಂದೆವು. ವಿಷಯ ಗೊತ್ತಾಗಿದ್ದು ಸಂಜೆಗೆ. ಬೆಳಿಗ್ಗೆ ಅಂಗಡಿ ತೆಗೆಯೋಕೆ ಬರುವಾಗ ಅಣ್ಣನ ಬೈಕ್ ಜಾರಿ ಬಿದ್ದು ಕಾಲು ಮುರಿದಿತ್ತು. ಅವತ್ತೇ ಆಪರೇಷನ್.

ಅಣ್ಣನ ಹೆಂಡತಿ, ನಾವೆಲ್ಲ ಅಕ್ಕ ಅಂತ ಕರೆಯೋರು, ಮಾರನೇ ದಿನವೇ ಅಂಗಡಿ ತೆಗೆಯೋಕೆ ಬಂದರು. ವರ್ಷವಿಡೀ ದುಡಿಯೋ ಅಂಗಡಿಗೆ ಸುಗ್ಗಿ ಅಂತ ಇರೋದೇ ಈ ಎರಡು ವಾರ, ಬಿಡೋಕಾಗುತ್ತಾ? ಆದರೆ ಬೀಗದ ಕೈ ಬೈಕಿನ ಕೀ ಜೊತೆಗಿದ್ದ ಗೊಂಚಲಲ್ಲಿತ್ತು. ಬೈಕು ಪೊಲೀಸ್ ಸ್ಟೇಷನ್ನಲ್ಲಿತ್ತು. ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಬೀಗ ಕೊಯ್ಸಿ ಶಟರ್ ಎತ್ತಿದ್ದಾಯಿತು. ಕಂಪ್ಯೂಟರಿನ ಪಾಸ್‌ವರ್ಡ್ ಅಣ್ಣನಿಗೆ ಮಾತ್ರ ಗೊತ್ತು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ತೆಗೆದಾಗ ಟೋನರ್ ಖಾಲಿ. ಟೋನರ್ ತಂದುಕೊಡೋರ ನಂಬರ್ ಇದ್ದದ್ದು ಅಣ್ಣನ ಫೋನಿನಲ್ಲಿ, ಆ ಫೋನು ಬಿದ್ದ ಜಾಗದಲ್ಲೇ ಕಳೆದುಹೋಗಿತ್ತು. ಹೇಗೋ ನಂಬರ್ ಹುಡುಕಿದರೆ ಅವರು ಕೇಳಿದ್ದು ದುಡ್ಡು. ದುಡ್ಡು ಇತ್ತು, ಬ್ಯಾಂಕಿನಲ್ಲಿತ್ತು. ಖಾತೆ ಅಣ್ಣನ ಒಬ್ಬರ ಹೆಸರಲ್ಲಿ. ಎಟಿಎಂ ಕಾರ್ಡಿನ ಅವಧಿ ಮುಗಿದು ಆರು ತಿಂಗಳಾಗಿತ್ತು, ಎಲ್ಲಾ ಫೋನಲ್ಲೇ ನಡೀತಿತ್ತಲ್ಲ. ಹೊಸ ಸಿಮ್ ತಗೊಳ್ಳೋಕೆ ಅಣ್ಣನೇ ಬರಬೇಕು ಅಂದರು. ಸಿಮ್ ಬದಲಾಯಿಸಿದ ಮೇಲೂ 24 ಗಂಟೆ ಎಸ್‌ಎಂಎಸ್ ಬರೋಲ್ಲ, ಅಂದರೆ ಓಟಿಪಿನೂ ಬರೋಲ್ಲ. ಮೋಸ ತಡೆಯೋಕೆ ಮಾಡಿರೋ ನಿಯಮ, ಒಳ್ಳೇದೇ. ಆದರೆ ಅವತ್ತು ಅಕ್ಕನ ಪಾಲಿಗೆ ಅದೂ ಒಂದು ಬೀಗ.

ತಮಾಷೆ ನೋಡಿ. ಗೋಡೆ ಮೇಲಿನ ಕ್ಯೂಆರ್ ಕೋಡ್ ಮಾತ್ರ ಕೆಲಸ ಮಾಡ್ತಾನೇ ಇತ್ತು. ಹಳೇ ಬಾಕಿ ಕೊಡೋಕೆ ಬಂದ ಯಾರೋ ಸ್ಕ್ಯಾನ್ ಮಾಡಿದರೆ ಡಬ್ಬಿ ದುಡ್ಡು ಬಂತು ಅಂತ ಕೂಗಿ ಹೇಳ್ತಿತ್ತು. ಒಳಗೆ ಹೋದ ದುಡ್ಡನ್ನ ಹೊರಗೆ ತೆಗೆಯೋಕೆ ಯಾರಿಗೂ ಆಗ್ತಿರಲಿಲ್ಲ.

ಅಂಗಡಿ ಮುಚ್ಚಿಸಿದ್ದು ಮುರಿದ ಕಾಲಲ್ಲ. ಮಷೀನ್ ಚೆನ್ನಾಗಿತ್ತು, ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು, ಕೆಲಸ ಮಾಡೋಕೆ ಅಕ್ಕ ತಯಾರಿದ್ದರು. ಬೀಗದ ಕೈ, ಪಾಸ್‌ವರ್ಡ್, ನಂಬರ್, ಖಾತೆ ಎಲ್ಲವೂ ಒಬ್ಬರ ಜೇಬಿನಲ್ಲಿ ಮತ್ತು ಒಬ್ಬರ ತಲೆಯಲ್ಲಿ ಇದ್ದದ್ದು ಅಂಗಡಿಯನ್ನ ಮುಚ್ಚಿಸಿತು.

ನಾವು ಓದಿದ್ದು, ನಾವು ಮಾಡಿದ್ದು

ಇದಕ್ಕೆ ನಮ್ಮ ಪಾಠದಲ್ಲಿ ಹೆಸರಿದೆ: ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಒಂದು ಕಡೆ ಕೆಟ್ಟರೆ ಇಡೀ ವ್ಯವಸ್ಥೆ ಕೂರೋ ಜಾಗ. ನೆಟ್‌ವರ್ಕ್ ಪರೀಕ್ಷೆಯಲ್ಲಿ ಇದರ ಬಗ್ಗೆ ಬರೆದು ಅಂಕ ತಗೊಂಡಿದೀವಿ. ಮೂರು ವರ್ಷ ದಿನಾ ಹೋಗಿಬರ್ತಿದ್ದ ಅಂಗಡಿಯಲ್ಲಿ ಅಂಥ ಜಾಗ ಐದಾರು ಇತ್ತು, ಒಂದೂ ಕಣ್ಣಿಗೆ ಬಿದ್ದಿರಲಿಲ್ಲ.

ನಾಚಿಕೆಗೋ ಉತ್ಸಾಹಕ್ಕೋ, ಅಣ್ಣ ಮನೆಗೆ ಬಂದ ಮೇಲೆ ಸಂಘದ ನಾಲ್ಕು ಜನ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆವು. ಎಫ್‌ಎಂಇಎ ಮಾಡಿಕೊಡ್ತೀವಿ ಅಂದೆವು. ಗೊತ್ತಿಲ್ಲದವರಿಗೆ ಎರಡು ಮಾತು. 1949ರಲ್ಲಿ ಅಮೆರಿಕದ ಸೇನೆ ಬರೆದಿಟ್ಟ ವಿಧಾನ, ಈಗ ವಾಹನ ಕಾರ್ಖಾನೆಗಳಲ್ಲೆಲ್ಲಾ ಇದೆ. ಏನೇನು ಕೆಡಬಹುದು ಅಂತ ಪಟ್ಟಿ ಮಾಡಬೇಕು. ಪ್ರತಿಯೊಂದಕ್ಕೂ ಮೂರು ಅಂಕ, 1ರಿಂದ 10ರವರೆಗೆ. ಕೆಟ್ಟರೆ ಎಷ್ಟು ನಷ್ಟ? ಎಷ್ಟು ಸಲ ಕೆಡುತ್ತೆ? ಕೆಡೋ ಮುಂಚೆ ಗೊತ್ತಾಗುತ್ತಾ? ಗೊತ್ತಾಗದೇ ಇದ್ದಷ್ಟೂ ಅಂಕ ಜಾಸ್ತಿ. ಮೂರನ್ನೂ ಗುಣಿಸಿದರೆ ಯಾವುದನ್ನ ಮೊದಲು ನೋಡಬೇಕು ಅನ್ನೋದು ಬರುತ್ತೆ.

ಅಣ್ಣನ ಪ್ರಕಾರ ಅಂಗಡಿಯ ದೊಡ್ಡ ತಲೆನೋವು ಝೆರಾಕ್ಸ್ ಮಷೀನಿನ ಡ್ರಮ್ಮು. ಲೆಕ್ಕ ಹಾಕಿದೆವು. ನಷ್ಟ 6, ಕೆಡೋದು ಪದೇ ಪದೇ ಅಂತ 7, ಆದರೆ ಕೆಡೋ ಮುಂಚೆ ಹಾಳೆ ಮೇಲೆ ಕಪ್ಪು ಗೆರೆ ಬಿದ್ದು ಅದೇ ಹೇಳುತ್ತೆ, ಅದಕ್ಕೆ 2. ಗುಣಿಸಿದರೆ 84. ಕಂಪ್ಯೂಟರಿನ ಹಾರ್ಡ್ ಡಿಸ್ಕ್? ಹತ್ತು ವರ್ಷದ ನೋಟ್ಸ್, ಪ್ರಶ್ನೆಪತ್ರಿಕೆ, ರೆಕಾರ್ಡಿನ ಮುಖಪುಟಗಳು ಎಲ್ಲಾ ಅದರಲ್ಲೇ. ನಷ್ಟ 8, ಕೆಡೋದು ಅಪರೂಪ 4, ಹೇಳದೇ ಕೇಳದೇ ಹೋಗುತ್ತೆ 9. ಒಟ್ಟು 288. ಅಣ್ಣನೇ ಮಲಗಿಬಿಟ್ಟರೆ? 10, 3, 9. ಒಟ್ಟು 270. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ದಿನಾ ಕಾಟ ಕೊಡೋದನ್ನ ನಾವು ಅಪಾಯ ಅಂದುಕೊಂಡಿರ್ತೀವಿ. ಸದ್ದಿಲ್ಲದೇ ಕೂತಿರೋದು ನಿಜವಾದ ಅಪಾಯ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾವು ನಿಲ್ಲಿಸಲಿಲ್ಲ. ಭೂಕಂಪದವರೆಗೆ ಹೋಗಿ 40 ಸಾಲಿನ ಪಟ್ಟಿ ಮಾಡಿ, ಬಣ್ಣ ತುಂಬಿ, ಪ್ರಿಂಟ್ ಹಾಕಿ ಅಕ್ಕನ ಕೈಗೆ ಕೊಟ್ಟೆವು. ಅಕ್ಕ ನಕ್ಕುಬಿಟ್ಟರು. "ಇದನ್ನ ಓದಿ ಮುಗಿಸೋಷ್ಟರಲ್ಲಿ ಅಂಗಡಿ ಮುಚ್ಚೋ ಹೊತ್ತಾಗುತ್ತೆ ಕಣ್ರಪ್ಪಾ. ನಾಳೆ ಇವರಿಗೆ ಹುಷಾರಿಲ್ಲ ಅಂದ್ರೆ ನಾನು ಮೊದಲು ಏನ್ ಮಾಡ್ಲಿ, ಅದನ್ನ ಒಂದು ಹಾಳೇಲಿ ಬರ್ಕೊಡಿ ಸಾಕು."

ಸಣ್ಣ ವ್ಯಾಪಾರದಲ್ಲಿ ಮುಂದಾಲೋಚನೆ ಅಂದರೇನು ಅಂತ ಅಕ್ಕ ಒಂದೇ ಮಾತಲ್ಲಿ ಹೇಳಿದ್ದರು. ಏನೇನು ಬರಬಹುದು ಅಂತ ಊಹಿಸ್ತಾ ಕೂತರೆ ಕೊನೆಯಿಲ್ಲ. ನೋಟು ರದ್ದಾಗುತ್ತೆ ಅಂತ 2016ರ ನವೆಂಬರ್ 8ರ ಬೆಳಿಗ್ಗೆ ಯಾವ ಅಂಗಡಿಯವರಿಗೂ ಗೊತ್ತಿರಲಿಲ್ಲ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಘೋಷಣೆ ಆಯಿತು, 12ಕ್ಕೆ ಜಾರಿ. ಸಿಕ್ಕಿದ್ದು ನಾಲ್ಕು ಗಂಟೆ. ಬರೋದು ಯಾವುದು ಅಂತ ಹೇಳೋಕಾಗಲ್ಲ. ಆದರೆ ಬಂದಾಗ ಕೈಗೆ ಸಿಗದೇ ಹೋಗೋದು ಯಾವುದು ಅಂತ ಇವತ್ತೇ ಹೇಳಬಹುದು: ಮಾಲೀಕ, ಬೀಗದ ಕೈ, ದುಡ್ಡು, ಮಷೀನು, ಮಾಲು ಕೊಡೋರು, ಗಿರಾಕಿ. ಈ ಆರರಲ್ಲಿ ಒಂದೊಂದನ್ನೇ ತೆಗೆದು 'ಇದಿಲ್ಲದಿದ್ದರೆ ನಾಳೆ ಬೆಳಿಗ್ಗೆ ಹೇಗೆ?' ಅಂತ ಕೇಳಿಕೊಂಡರೆ ಮುಗೀತು.

ಒಂದು ಹಾಳೆ

ಅಕ್ಕ, ಅಣ್ಣ ಇಬ್ಬರೂ ಕೂತು ಬರೆಸಿದ ಹಾಳೆ ಈಗ ಅಂಗಡಿಯ ಒಳಗೋಡೆಯ ಮೇಲಿದೆ. ಅವರ ಒಪ್ಪಿಗೆ ಪಡೆದೇ ಸಾರಾಂಶ ಕೊಡ್ತಿದೀವಿ.

1. ಬೀಗದ ಕೈ ಎರಡು ಗೊಂಚಲು. ಒಂದು ಅಣ್ಣನ ಹತ್ರ, ಇನ್ನೊಂದು ಮನೆಯಲ್ಲಿ. ಬೈಕಿನ ಕೀ ಜೊತೆ ಇಡುವಂತಿಲ್ಲ.

2. ಟೋನರ್‌ನವರು, ಮಷೀನ್ ರಿಪೇರಿಯವರು, ಲೈನ್‌ಮನ್, ಕಟ್ಟಡದ ಮಾಲೀಕರು, ಬ್ಯಾಂಕ್ ಶಾಖೆ: ಐದು ನಂಬರ್ ಗೋಡೆ ಮೇಲೆ, ಮಾರ್ಕರ್‌ನಲ್ಲಿ.

3. ಖಾತೆಯಿಂದ ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯೋ ಹಾಗೆ ಬ್ಯಾಂಕಿನಲ್ಲಿ ಬದಲಾವಣೆ. ಮನೆಯಲ್ಲಿ 2,000 ರೂಪಾಯಿ ನಗದು, ಮುಟ್ಟುವ ಹಾಗಿಲ್ಲ.

4. ಪ್ರತಿ ಶನಿವಾರ ಸಂಜೆ ಎಲ್ಲಾ ಫೈಲುಗಳ ಕಾಪಿ ಇನ್ನೊಂದು ಡಿಸ್ಕಿಗೆ. ಆ ಡಿಸ್ಕು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ. ಅಂಗಡಿಗೆ ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋಗಬಾರದು.

5. ಬಸ್ ಸ್ಟ್ಯಾಂಡಿನ ಅಂಗಡಿಯವರ ಜೊತೆ ಬಾಯಿಮಾತಿನ ಒಪ್ಪಂದ. ನಮ್ಮ ಮಷೀನ್ ಕೆಟ್ಟರೆ ನಿಮ್ಮಲ್ಲಿ ತೆಗೆಸ್ತೀವಿ, ನಿಮ್ಮದು ಕೆಟ್ಟರೆ ನಮ್ಮಲ್ಲಿ ತೆಗೆಸಿ. ಗಿರಾಕಿಗೆ ರೇಟ್ ಒಂದೇ.

6. ತಿಂಗಳಿಗೊಂದು ದಿನ ಅಣ್ಣ ಬೇಕಂತಲೇ ಅಂಗಡಿಗೆ ಬರೋದಿಲ್ಲ, ಫೋನೂ ಎತ್ತೋದಿಲ್ಲ. ಅಕ್ಕ ಒಬ್ಬರೇ ನಡೆಸಬೇಕು.

ಆರನೆಯದು ಅಕ್ಕನದೇ ಐಡಿಯಾ, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಮೊದಲ ಸಲ ಹಾಗೆ ಮಾಡಿದಾಗ ಕಲರ್ ಪ್ರಿಂಟರ್ ಹಾಳೆ ಎಳೆದುಕೊಳ್ಳಲೇ ಇಲ್ಲ. ಅದರ ಎಡಗಡೆಗೆ ಮೆಲ್ಲಗೆ ಒಂದು ಏಟು ಕೊಡಬೇಕು ಅನ್ನೋದು ಅಣ್ಣನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಅಣ್ಣನಿಗೂ ತಾನು ದಿನಾ ಹಾಗೆ ಮಾಡ್ತೀನಿ ಅಂತ ನೆನಪಿರಲಿಲ್ಲ. ಅದು ಏಳನೇ ಸಾಲಾಗಿ ಹಾಳೆಗೆ ಸೇರಿತು. ಬರೆದಿಟ್ಟ ಪ್ಲಾನನ್ನ ಒಂದು ಸಲವಾದರೂ ನಡೆಸಿ ನೋಡದಿದ್ದರೆ ಅದು ಬರೀ ಹಾಳೆ.

ಅಕ್ಕಡಿ ಸಾಲಿನ ಲೆಕ್ಕ

ಎರಡನೆಯದೊಂದು ಇಟ್ಟುಕೊಳ್ಳೋದು ದಂಡದ ಖರ್ಚು ಅಂತ ಮ್ಯಾನೇಜ್‌ಮೆಂಟ್ ಪುಸ್ತಕ ಓದಿದ ಕೆಲವರು ವಾದ ಮಾಡಬಹುದು. ದೊಡ್ಡ ಕಂಪನಿಗಳೂ ಹಾಗೇ ಅಂದುಕೊಂಡಿದ್ದವು. 2000ದ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲು ಬಡಿದು ಸಣ್ಣ ಬೆಂಕಿ ಬಿತ್ತು. ಹತ್ತು ನಿಮಿಷದಲ್ಲೇ ಆರಿಸಿದರು. ಆದರೆ ಹೊಗೆ ಮತ್ತು ನೀರಿನಿಂದ ಕ್ಲೀನ್ ರೂಮು ಹಾಳಾಗಿ ಚಿಪ್ ಬರೋದು ನಿಂತಿತು. ನೋಕಿಯಾ, ಎರಿಕ್ಸನ್ ಎರಡಕ್ಕೂ ಚಿಪ್ ಹೋಗ್ತಿದ್ದದ್ದು ಅಲ್ಲಿಂದಲೇ. ನೋಕಿಯಾ ಕೂಡಲೇ ಬೇರೆ ಕಡೆ ವ್ಯವಸ್ಥೆ ಮಾಡಿಕೊಂಡಿತು. ಖರ್ಚು ಉಳಿಸೋಕೆ ಎರಡನೇ ದಾರಿ ಇಟ್ಟುಕೊಳ್ಳದೇ ಇದ್ದ ಎರಿಕ್ಸನ್‌ಗೆ ಆದ ನಷ್ಟ ಸುಮಾರು 40 ಕೋಟಿ ಡಾಲರ್. ಮಾರನೇ ವರ್ಷ ಅದರ ಮೊಬೈಲ್ ವ್ಯವಹಾರ ಸೋನಿ ಜೊತೆ ಸೇರಿಕೊಂಡಿತು.

ಅಷ್ಟು ದೂರ ಹೋಗೋದೂ ಬೇಡ. ನಮ್ಮಲ್ಲಿ ರಾಗಿ ಬೆಳೆಯೋ ಮನೆಯಿಂದ ಬಂದವರಿಗೆ ಅಕ್ಕಡಿ ಸಾಲು ಗೊತ್ತು. ರಾಗಿ ಹೊಲದ ಮಧ್ಯೆ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಸಾಲು ಹಾಕ್ತಾರೆ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆಯೋ ತೊಗರಿಯೋ ಕೈಹಿಡಿಯುತ್ತೆ. ಬರೀ ರಾಗಿ ಹಾಕಿದ್ದರೆ ಒಳ್ಳೇ ವರ್ಷದಲ್ಲಿ ನಾಲ್ಕು ಸೇರು ಜಾಸ್ತಿ ಸಿಗ್ತಿತ್ತೇನೋ. ಆ ನಾಲ್ಕು ಸೇರನ್ನ ಬಿಟ್ಟುಕೊಟ್ಟು ಕೆಟ್ಟ ವರ್ಷದ ಊಟ ಉಳಿಸಿಕೊಳ್ಳೋದು ಅಕ್ಕಡಿಯ ಲೆಕ್ಕ. ಬಿತ್ತನೆಗೆ ಬೀಜ ಎತ್ತಿಡೋದು, ಮಳೆಗಾಲಕ್ಕೆ ಸೌದೆ ಒಟ್ಟೋದು ಇದೇ ಬುದ್ಧಿ. ಊರಲ್ಲಿ ಹುಟ್ಟಿದ ಈ ಬುದ್ಧಿಯನ್ನ ಪೇಟೆಗೆ ಬಂದು ಅಂಗಡಿ ಹಾಕಿದಾಗ ಮರೆತುಬಿಡ್ತೀವಿ. ಆಮೇಲೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಹೋಗ್ತೀವಿ.

ಗೇಟಿನ ಬಲಗಡೆಯ ಟೀ ಅಂಗಡಿ ಮಾವ 2020ರ ಕಥೆ ಹೇಳ್ತಾರೆ. ಹಾಸ್ಟೆಲ್ ಖಾಲಿಯಾದ ಮೇಲೆ ಟೀ ಕುಡಿಯೋರೇ ಇಲ್ಲ. ಮಾವ ತಳ್ಳುಗಾಡಿಯಲ್ಲಿ ತರಕಾರಿ ಮಾರಿದರು, ತರಕಾರಿಗೆ ತಡೆ ಇರಲಿಲ್ಲ. ಗಾಡಿ ಹೇಗೂ ಇತ್ತು, ಮಾರ್ಕೆಟ್ಟಲ್ಲಿ ಪರಿಚಯ ಇತ್ತು. ಪಕ್ಕದ ಮೆಸ್ಸಿನವರಿಗೆ ಹಾಗೆ ತಿರುಗಿಕೊಳ್ಳೋಕೆ ದಾರಿ ಇರಲಿಲ್ಲ. ದೊಡ್ಡ ಪಾತ್ರೆ, ದೊಡ್ಡ ಬಾಡಿಗೆ, ಗಿರಾಕಿಗಳೆಲ್ಲ ವಿದ್ಯಾರ್ಥಿಗಳೇ. ಮುಚ್ಚಿದ್ದು ಮತ್ತೆ ತೆಗೆಯಲಿಲ್ಲ. ಯಾವ ಹಾಳೆಯೂ ಎಲ್ಲರನ್ನೂ ಉಳಿಸುತ್ತೆ ಅಂತ ನಾವು ಹೇಳ್ತಿಲ್ಲ. ಕೆಲವು ಹೊಡೆತ ಹಾಳೆಗಿಂತ ದೊಡ್ಡದು.

ಲೆಕ್ಕ ಬರೆದಿಡೋದೂ ಒಂದು ಅಕ್ಕಡಿ ಸಾಲೇ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು 'ನಗದು ಮಾತ್ರ' ಅಂತ ಬೋರ್ಡ್ ಹಾಕಿದ್ದು ನಮಗೆಲ್ಲ ನೆನಪಿದೆ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನಿಯಮ. ನೋಟಿಸ್ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಖಾತೆಗೆ ಬಂದದ್ದರಲ್ಲಿ ವ್ಯಾಪಾರದ್ದು ಎಷ್ಟು, ತಮ್ಮ ಕೊಟ್ಟ ಕೈಸಾಲ ಎಷ್ಟು, ತೆರಿಗೆ ಇಲ್ಲದ ಮಾಲು ಎಷ್ಟು ಅಂತ ಬರೆದಿಟ್ಟವರ ಹತ್ರ ಉತ್ತರ ಇರುತ್ತೆ. ಬರೆದಿಡದವರ ಹತ್ರ ಇರೋದು ಭಯ ಮಾತ್ರ.

"ಇದೆಲ್ಲ ದುಡ್ಡಿರೋರ ಮಾತು"

ಈ ಮಾತು ನಮ್ಮೊಳಗೇ ಬಂತು, ತಳ್ಳಿಹಾಕೋ ಮಾತಲ್ಲ. ದಿನದ ದುಡಿಮೆ ದಿನಕ್ಕೇ ಸರಿಹೋಗೋ ಕಡೆ ನಾಳೆಗೆ ಎತ್ತಿಡೋದು ಹೇಗೆ? ಆದರೂ ಹಾಳೆಯ ಸಾಲುಗಳನ್ನ ಮತ್ತೊಮ್ಮೆ ನೋಡಿ. ಬೀಗದ ಕೈ ಮಾಡಿಸೋಕೆ ಚಿಲ್ಲರೆ ಕಾಸು. ನಂಬರ್ ಬರೆಯೋಕೆ, ಪಕ್ಕದ ಅಂಗಡಿಯವರ ಜೊತೆ ಮಾತಾಡೋಕೆ ಖರ್ಚೇ ಇಲ್ಲ. ವಿಮೆ ಅಂದ ಕೂಡಲೇ ದುಬಾರಿ ಅನ್ನಿಸುತ್ತೆ, ಆದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯ ಆದರೆ 2 ಲಕ್ಷ ಸಿಗುತ್ತೆ. ಮುರಿದ ಕಾಲು ಕೂಡೋವರೆಗಿನ ಖರ್ಚನ್ನ ಅದು ಕೊಡಲ್ಲ, ಅದೂ ತಿಳಿದಿರಲಿ. ಅಂಗಡಿಯ ಸಾಮಾನಿಗೆ ಬೆಂಕಿ, ಸಿಡಿಲು, ಪ್ರವಾಹದ ರಕ್ಷಣೆ ಬೇಕಾದರೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಅನ್ನೋ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ, ಸಾಮಾನ್ಯ ವಿಮಾ ಕಂಪನಿಗಳಲ್ಲಿ ಹೆಸರು ಹೇಳಿ ಕೇಳಬಹುದು.

ನಿಜವಾಗಿ ಕಷ್ಟ ಇರೋದು ಕೈಯಲ್ಲಿರೋ ದುಡ್ಡಿನ ವಿಷಯದಲ್ಲಿ. ಅಣ್ಣ ಲೆಕ್ಕ ಮುಚ್ಚಿಡದೇ ಹೇಳಿದರು. ಅಂಗಡಿ ಬಾಡಿಗೆ 8,000, ಮಷೀನಿನ ಸಾಲದ ಕಂತು 6,500, ಕರೆಂಟು ಇಂಟರ್ನೆಟ್ಟು 2,500, ಮನೆ ಖರ್ಚು ಏನಿಲ್ಲ ಅಂದರೂ 13,000. ತಿಂಗಳಿಗೆ 30,000, ದಿನಕ್ಕೆ 1,000. ಶಟರ್ ಎತ್ತಿದರೂ ಇಳಿಸಿದರೂ ಇದು ಹೋಗೋದೇ. ಕೈಯಲ್ಲಿದ್ದದ್ದು 14,000. ಅಂದರೆ ಅಂಗಡಿ ಮುಚ್ಚಿದರೆ 14 ದಿನ ತಡೆದುಕೊಳ್ಳಬಹುದು. ನಮ್ಮ ಸೆಮಿಸ್ಟರ್ ರಜೆಯೇ ಸುಮಾರು ಒಂದು ತಿಂಗಳು. ಅದು ಅಪಾಯವೂ ಅಲ್ಲ, ಕ್ಯಾಲೆಂಡರಿನಲ್ಲಿ ಅಚ್ಚಾಗಿರೋ ದಿನ.

ಆಮೇಲೆ ಅಕ್ಕ ಬಾಕಿ ಪುಸ್ತಕ ತೆಗೆದರು. ವಿದ್ಯಾರ್ಥಿಗಳ ಬಾಕಿ 9,480 ರೂಪಾಯಿ. ಕೆಲವು ಹೆಸರುಗಳು ಪಾಸಾಗಿ ಕೆಲಸಕ್ಕೆ ಸೇರಿದವರದ್ದು. ಕೊನೆಯ ಪುಟದಲ್ಲಿ ಇನ್ನೊಂದು ಹೆಸರಿತ್ತು: ಕನ್ನಡ ಸಂಘ, ರಾಜ್ಯೋತ್ಸವದ ಪೋಸ್ಟರ್, 3,260. ನವೆಂಬರ್‌ದು. ಬಿಲ್ ಪಾಸಾಗಲಿ, ಸಹಿ ಆಗಲಿ ಅಂತ ನಾವು ಮುಂದಕ್ಕೆ ಹಾಕ್ತಾ ಬಂದಿದ್ದೆವು. ಎರಡೂ ಕೂಡಿದರೆ 12,740. ದಿನಕ್ಕೆ ಸಾವಿರದ ಲೆಕ್ಕದಲ್ಲಿ ಸುಮಾರು 13 ದಿನ. ಆ ಮನೆ ತಡೆದುಕೊಳ್ಳಬಹುದಾದ ದಿನಗಳಲ್ಲಿ ಹತ್ತಿರ ಹತ್ತಿರ ಅರ್ಧ ನಮ್ಮ ಜೇಬಿನಲ್ಲಿತ್ತು. ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಹುಡುಕೋಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದವರಿಗೆ ಪಟ್ಟಿಯಲ್ಲಿ ತಮ್ಮದೇ ಹೆಸರು ಸಿಕ್ಕಿತು.

ಸಣ್ಣ ಉದ್ದಿಮೆಗಳಿಗೆ ಬಾಕಿ ಕೊಡೋ ವಿಷಯದಲ್ಲಿ 2006ರ ಎಂಎಸ್‌ಎಂಇ ಕಾಯ್ದೆ ಒಂದು ಅಳತೆ ಹಾಕಿದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರಬಾರದು. ಗೇಟಿನ ಎದುರಿನ ಅಂಗಡಿಗೆ ಆ ಕಾಯ್ದೆ ಹಿಡಿದುಕೊಂಡು ಓಡಾಡೋಕೆ ಪುರುಸೊತ್ತಿಲ್ಲ. ನಾವಾಗಿಯೇ ಪಾಲಿಸಬಹುದಲ್ಲ? ಅಂಗಡಿಯವರು ಮುಂದಾಲೋಚನೆ ಮಾಡಬೇಕು ಅಂತ ಬುದ್ಧಿ ಹೇಳೋ ಗಿರಾಕಿ ಮೊದಲು ಬಾಕಿ ಕೊಡಬೇಕು.

ಅದಕ್ಕೇ ಸಂಘ ಎರಡು ತೀರ್ಮಾನ ಮಾಡಿದೆ. ಒಂದು, ಯಾವ ಕಾರ್ಯಕ್ರಮದ್ದೇ ಆಗಲಿ ಹೊರಗಿನ ಸಣ್ಣ ಅಂಗಡಿಗಳ ದುಡ್ಡನ್ನ 15 ದಿನದೊಳಗೆ ಕೊಡ್ತೀವಿ. ಕಾಲೇಜಿನಿಂದ ಬರೋದು ತಡವಾದರೆ ಸಂಘದ ಸದಸ್ಯತ್ವದ ಹಣದಿಂದ ಕೊಟ್ಟು ಆಮೇಲೆ ತುಂಬಿಕೊಳ್ತೀವಿ. ಎರಡು, ಈ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ನಮ್ಮ ಮನೆಯದೋ ಪಕ್ಕದವರದೋ ಒಂದು ಅಂಗಡಿ, ಗಿರಣಿ, ಟೈಲರಿಂಗ್, ಗ್ಯಾರೇಜು, ಯಾವುದಾದರೂ ಸರಿ, ಅಲ್ಲಿ ಕೂತು ಇಂಥ ಒಂದು ಹಾಳೆ ಬರೆದುಕೊಡ್ತೀವಿ. ಒಂದೇ ಹಾಳೆ, ಬಣ್ಣ ಬೇಡ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ದರೆ ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳಿ. ಉಳಿದದ್ದು ತಾನಾಗಿ ಬರುತ್ತೆ.

ಸಂಘದ 3,260 ತೀರಿಸಿದೀವಿ. ಅಣ್ಣ ಈಗ ಕೋಲು ಹಿಡಿದು ಅಂಗಡಿಗೆ ಬರ್ತಿದ್ದಾರೆ, ಕಲರ್ ಪ್ರಿಂಟರಿಗೆ ಏಟು ಕೊಡೋದು ಅಕ್ಕ. ಬಾಕಿ ಪುಸ್ತಕದಲ್ಲಿರೋ ಉಳಿದ ಹೆಸರುಗಳನ್ನ ನಾವು ಇಲ್ಲಿ ಹಾಕಲ್ಲ. ಯಾರ್ಯಾರು ಅಂತ ನಿಮಗೇ ಗೊತ್ತು.